ಮೇಷ್ಟ್ರು ಕೇಳಿದ್ದು ಎಫ್‌ಡಿ

ಮೊನ್ನೆ ನಮ್ಮೂರ ಹುಡುಗ ಒಬ್ಬ ಫೋನ್ ಮಾಡಿದ್ದ, ಬ್ಯಾಂಕಿಗೆ ಸೇರಿ ಮೂರು ತಿಂಗಳಾಗಿದೆ ಅವನಿಗೆ. ‘ಅಣ್ಣ, ಇನ್ಶೂರೆನ್ಸ್ ಟಾರ್ಗೆಟ್ ಕೊಟ್ಟು ಸಾಯಿಸ್ತಿದಾರೆ, ನೀವು ಹೆಂಗ್ ಮಾಡ್ತಿದ್ರಿ?’ ಅಂದ. ಆವತ್ತು ಏನೋ ಹಾರಿಕೆ ಉತ್ತರ ಕೊಟ್ಟು ಇಟ್ಟೆ. ಹೆಂಗ್ ಮಾಡ್ತಿದ್ದೆ ಅಂತ ಇಲ್ಲೇ ಬರೀತೀನಿ, ಅವನೂ ಓದ್ಲಿ.

2021ರ ಮಾರ್ಚ್, ದಾವಣಗೆರೆ. ನಾನು ಆಗ ಒಂದು ಖಾಸಗಿ ಬ್ಯಾಂಕಿನ ಬ್ರಾಂಚಲ್ಲಿದ್ದೆ. ಮಾರ್ಚ್ ಎಂಡ್ ಅಂದ್ರೆ ಬ್ಯಾಂಕಿನವರಿಗೆ ಗೊತ್ತು, ಬೆಳಿಗ್ಗೆ ಒಂಬತ್ತಕ್ಕೇ ಹಡಲ್ (ಪುಟ್ಟ ಮೀಟಿಂಗು), ‘ಇವತ್ತು ಎಷ್ಟು ಲಾಗಿನ್?’ ಅಂದ್ರೆ ಎಷ್ಟು ಪಾಲಿಸಿ ಅರ್ಜಿ ಹಾಕಿಸ್ತೀರಾ ಅಂತ ಒಂದೇ ಪ್ರಶ್ನೆ, ಮಧ್ಯಾಹ್ನ ಒಂದ್ಸಲ ಕಾಲ್, ಸಂಜೆ ಗ್ರೂಪಲ್ಲಿ ಎಲ್ಲರ ಹೆಸರಿನ ಮುಂದೆ ನಂಬರ್, ಸೊನ್ನೆ ಇದ್ದವರ ಹೆಸರಿಗೆ ಕೆಂಪು ಬಣ್ಣ. ನಂದು ಎರಡು ದಿನದಿಂದ ಕೆಂಪಗಿತ್ತು.

ಆಗ ಬಂದ್ರು ಮೇಷ್ಟ್ರು. ಹಿಂದಿನ ವರ್ಷ ರಿಟೈರ್ ಆದವರು, ಪ್ರೈಮರಿ ಸ್ಕೂಲು, ನಮ್ಮಕ್ಕನಿಗೆ ಪಾಠ ಮಾಡಿದವರು. ಕೈಯಲ್ಲಿ ಬಟ್ಟೆ ಚೀಲ, ಅದರೊಳಗೆ ಪ್ಲಾಸ್ಟಿಕ್ ಕವರು, ಅದರೊಳಗೆ ಚೆಕ್ಕು. ‘ತಮ್ಮಾ, ಎಂಟು ಲಕ್ಷ ಐತಿ, ಎಫ್‌ಡಿ ಮಾಡ್ಕೊಡು’ ಅಂದ್ರು. ನಾನು ಟೀ ತರಿಸ್ದೆ.

‘ಸಾರ್, ಎಫ್‌ಡಿಗೆ ಈಗ ಐದು ಐದೂವರೆ ಬಡ್ಡಿ ಅಷ್ಟೇ, ಆರು ಲಕ್ಷ ಅಲ್ಲಿಡೋಣ, ಎರಡು ಲಕ್ಷ ನಮ್ಮದೇ ಬ್ಯಾಂಕಿನ ಇನ್ನೊಂದು ಸ್ಕೀಮಲ್ಲಿಡೋಣ, ಎಫ್‌ಡಿ ತರಾನೇ, ಜೊತೆಗೆ ಇನ್ಶೂರೆನ್ಸ್ ಫ್ರೀ.’ ಇದರಲ್ಲಿ ಎಷ್ಟು ಸುಳ್ಳು ಅಂತ ಎಣಿಸ್ಕೊಳ್ಳಿ. ಸ್ಕೀಮ್ ಬ್ಯಾಂಕಿಂದಲ್ಲ, ಇನ್ಶೂರೆನ್ಸ್ ಕಂಪನೀದು, ಬ್ಯಾಂಕು ಬರೀ ಏಜೆಂಟು. ಎಫ್‌ಡಿ ತರ ಅಲ್ವೇ ಅಲ್ಲ. ಎರಡು ಲಕ್ಷ ಒಂದ್ಸಲ ಅಲ್ಲ, ವರ್ಷಾ ವರ್ಷಾ ಹತ್ತು ವರ್ಷ ಕಟ್ಬೇಕು. ಈ ಕೊನೇದನ್ನ ನಾನು ಸುಳ್ಳು ಹೇಳ್ಲಿಲ್ಲ, ಹೇಳ್ಲೇ ಇಲ್ಲ ಅಷ್ಟೇ. ಆಗ ನನಗೆ ಇದೆರಡರ ಮಧ್ಯೆ ದೊಡ್ಡ ವ್ಯತ್ಯಾಸ ಇದೆ ಅನ್ನಿಸ್ತಿತ್ತು.

ಫಾರಂ ಇಂಗ್ಲಿಷಲ್ಲಿ, ನಾನೇ ತುಂಬಿದೆ. ಆದಾಯದ ಕಾಲಂನಲ್ಲಿ ಪೆನ್ಶನ್ ಮಾತ್ರ ಬರೆದ್ರೆ ಇಷ್ಟು ಪ್ರೀಮಿಯಂ ಪಾಸಾಗಲ್ಲ, ಅದಕ್ಕೆ ಅವರ ಹೆಸರಲ್ಲಿ ಇಲ್ಲದ ಅಡಿಕೆ ತೋಟನೂ ಹುಟ್ಟಿಸ್ದೆ. ಆಮೇಲೆ, ‘ಸಾರ್, ಕಂಪನಿಯಿಂದ ವೆರಿಫಿಕೇಶನ್ ಕಾಲ್ ಬರುತ್ತೆ, ಏನ್ ಕೇಳಿದ್ರೂ ಹೌದು ಅನ್ನಿ, ಇಲ್ಲ ಅಂದ್ರೆ ಸುಮ್ನೆ ಲೇಟಾಗುತ್ತೆ.’ ಆ ಕಾಲ್ ಇರೋದೇ ನನ್ನಂಥವರು ಸುಳ್ಳು ಹೇಳಿದ್ರೆ ಹಿಡಿಯೋಕೆ, ಅದಕ್ಕೂ ನಾನೇ ಪಾಠ ಹೇಳ್ಕೊಟ್ಟೆ, ಮೇಷ್ಟ್ರಿಗೆ. ‘ಪಾಲಿಸಿ ಬಾಂಡ್ ಮನೆಗೆ ಬರುತ್ತೆ, ಜೋಪಾನವಾಗಿ ಬೀರುವಿನಲ್ಲಿಡಿ’ ಅಂದೆ. ಇಟ್ರು, ಕವರ್ ಒಡೀದೇನೇ. ಪಾಲಿಸಿ ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಕೊಡೋಕೆ ಆಗ 15 ದಿನ ಇತ್ತು (ಈಗ 30 ದಿನ ಮಾಡಿದಾರೆ), ಅದು ಬೀರುವಿನೊಳಗೇ ಮುಗಿದೋಯ್ತು.

ಇದನ್ನೆಲ್ಲ ಯಾಕೆ ಮಾಡಿಸ್ತಾರೆ ಅಂದ್ರೆ ಲೆಕ್ಕ ಸಿಂಪಲ್. ಎಫ್‌ಡಿ ಮಾಡ್ಸಿದ್ರೆ ಬ್ಯಾಂಕಿಗೆ ಕಮಿಷನ್ ಇಲ್ಲ. ಹತ್ತು ವರ್ಷ ಕಟ್ಟೋ ಇಂಥ ಪಾಲಿಸಿಗೆ ಆಗಿನ ನಿಯಮದಲ್ಲಿ ಮೊದಲ ವರ್ಷದ ಪ್ರೀಮಿಯಂನ 30% ವರೆಗೆ ಕೊಡಬಹುದಿತ್ತು, ಅಂದ್ರೆ ಮೇಷ್ಟ್ರ ಎರಡು ಲಕ್ಷದಲ್ಲಿ 60,000 ತನಕ. 2023ರ ಏಪ್ರಿಲಿಂದ ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡೋ ಐಆರ್‌ಡಿಎಐ ಆ ಮಿತಿಯನ್ನೂ ತೆಗೆದು, ಕಂಪನಿಯ ಒಟ್ಟು ಖರ್ಚಿಗೆ ಮಾತ್ರ ಮಿತಿ ಇಟ್ಟಿದೆ. ಎರಡನೇ ವರ್ಷ ಕಸ್ಟಮರ್ ಕಟ್ತಾನೋ ಬಿಡ್ತಾನೋ, ನಮ್ಮ ಬ್ರಾಂಚಲ್ಲಿ ಅದನ್ನ ಯಾರೂ ಕೇಳ್ತಿರಲಿಲ್ಲ.

‘ಓದದೆ ಸೈನ್ ಮಾಡಿದ್ದು ಅವರ ತಪ್ಪು’ ಅಂತ ಕಾಮೆಂಟಲ್ಲಿ ಬರುತ್ತೆ, ಗೊತ್ತು. ಡಾಕ್ಟ್ರು ಬರೆದ ಚೀಟಿ ಓದಿ ಮಾತ್ರೆ ನುಂಗ್ತೀರಾ ನೀವು? ಇನ್ನು ಓದು ಬರಹ ಇದ್ದವರಿಗೆ ಹಿಂಗಾಗಲ್ಲ ಅನ್ನೋದೂ ಸುಳ್ಳು. ಯೆಸ್ ಬ್ಯಾಂಕಿನ ಎಟಿ-1 ಬಾಂಡ್ (ಬ್ಯಾಂಕು ಮುಳುಗೋ ಹಂತಕ್ಕೆ ಬಂದ್ರೆ ಹಾಕಿದ ದುಡ್ಡು ಪೂರ್ತಿ ಹೋಗ್ಬಹುದಾದ ಬಾಂಡು) ನೆನಪಿದ್ಯಾ? 2020ರ ಮಾರ್ಚಲ್ಲಿ ಸುಮಾರು 8,415 ಕೋಟಿ ಒಂದೇ ಏಟಿಗೆ ಸೊನ್ನೆ ಮಾಡಿದ್ರು. ಆ ಬಾಂಡನ್ನ ಬ್ಯಾಂಕಿನೊಳಗೇ ಕೂತು ಗ್ರಾಹಕರಿಗೆ ‘ಸೂಪರ್ ಎಫ್‌ಡಿ’ ಅಂತ ಮಾರಿದಾರೆ ಅಂತ ಷೇರುಪೇಟೆ ನಿಯಂತ್ರಕ ಸೆಬಿ ತನ್ನ ಆದೇಶದಲ್ಲೇ ಬರೆದು 2021ರ ಏಪ್ರಿಲಲ್ಲಿ 25 ಕೋಟಿ ದಂಡ ಹಾಕ್ತು, ಅದಕ್ಕೆ ಟ್ರಿಬ್ಯುನಲ್‌ನಲ್ಲಿ ತಡೆ ಸಿಕ್ತು, ಅದು ಬೇರೆ ವಿಷಯ. ನಾನು ದಾವಣಗೆರೆಯಲ್ಲಿ ಅದೇ ಎಫ್‌ಡಿ ಅನ್ನೋ ಪದಾನ ಬಳಸ್ತಿದ್ದೆ. ನಮ್ಮ ಜನಕ್ಕೆ ಆ ಎರಡಕ್ಷರದ ಮೇಲೆ ಅಷ್ಟು ನಂಬಿಕೆ.

ಇನ್ನೊಂದು ಮಾತು, ‘ಪಾಪ ಸ್ಟಾಫ್ ಏನ್ ಮಾಡ್ತಾರೆ, ಟಾರ್ಗೆಟ್ ಪ್ರೆಶರ್.’ ಇದನ್ನ ನಾನೂ ವರ್ಷಗಟ್ಟಲೆ ಹೇಳ್ಕೊಂಡು ನಿದ್ದೆ ಮಾಡಿದೀನಿ. ಪ್ರೆಶರ್ ನಿಜಾನೇ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಲ್ಲಿ ಒಬ್ಬೊಬ್ಬ ಗ್ರಾಹಕನಿಗೆ ಎಂಟು ಪ್ರಾಡಕ್ಟ್ ಮಾರಿ ಅಂತ ಮೇಲಿನವರು ಹಿಂಡಿದ್ದಕ್ಕೆ ಕೆಳಗಿನವರು ಜನರಿಗೆ ಗೊತ್ತಿಲ್ಲದೆ ಲಕ್ಷಗಟ್ಟಲೆ ಅಕೌಂಟ್ ತೆಗೆದ್ರು, 2016ರಲ್ಲಿ ಹೊರಗೆ ಬಂದಾಗ ಕೆಲಸ ಕಳ್ಕೊಂಡಿದ್ದವರು ಸುಮಾರು 5,300 ಜನ, ಹೆಚ್ಚಿನವರು ನನ್ನಂಥ ಕೆಳಗಿನೋರೇ. ಟಾರ್ಗೆಟ್ ಹಾಕಿದೋನು ಮೇಷ್ಟ್ರ ಮುಖ ನೋಡಿರಲ್ಲ, ಸರಿ. ನಾನು ನೋಡಿದ್ನಲ್ಲ. ಎದುರಿಗೇ ಕೂತಿದ್ರು, ಟೀ ಕುಡೀತಾ. ಅಡಿಕೆ ತೋಟ ಬರಿ ಅಂತ ನನಗೆ ಯಾರೂ ಹೇಳಿರ್ಲಿಲ್ಲ.

ನನ್ನ ಕೇಳಿದ್ರೆ, ವಯಸ್ಸಾದವರಿಗೆ ಬ್ಯಾಂಕಿನೊಳಗೆ ಮಾರಿದ ಪಾಲಿಸಿ ಮೂರು ವರ್ಷದೊಳಗೆ ನಿಂತೋದ್ರೆ ಕಮಿಷನ್ ಪೂರ್ತಿ ವಾಪಸ್ ಕಿತ್ಕೋಬೇಕು, ಬ್ಯಾಂಕಿಂದ. ಬರೀ ಟ್ರೈನಿಂಗ್ ಕೊಟ್ರೆ ಇದು ನಿಲ್ಲಲ್ಲ, ನೀತಿ ಪಾಠದ ಆನ್‌ಲೈನ್ ಟ್ರೈನಿಂಗ್ ನಾವೂ ಮಾಡಿದ್ವಿ, ನೆಕ್ಸ್ಟ್ ನೆಕ್ಸ್ಟ್ ಒತ್ತಿ ಹತ್ತು ನಿಮಿಷದಲ್ಲಿ ಸರ್ಟಿಫಿಕೇಟ್.

2022ರ ಮಾರ್ಚಲ್ಲಿ ಪ್ರೀಮಿಯಂ ನೋಟಿಸ್ ಹಿಡ್ಕೊಂಡು ಬಂದ್ರು. ‘ಇದೇನ್ ತಮ್ಮಾ, ಮತ್ತೆ ಎರಡು ಲಕ್ಷ ಕೇಳ್ತಾರೆ?’ ಒಂದೇ ಕಂತಿಗೆ ನಿಲ್ಸಿದ್ರೆ ಆಗಿನ ನಿಯಮದಲ್ಲಿ ಒಂದು ಪೈಸೆ ಬರ್ತಿರಲಿಲ್ಲ (2024ರ ಅಕ್ಟೋಬರಿಂದ ಅದು ಬದಲಾಗಿದೆ). ಎರಡು ವರ್ಷ ಕಟ್ಟಿದ್ರೆ ಏನೋ ಒಂದಿಷ್ಟು ಬರುತ್ತೆ ಅಂತ ಹೇಳಿ ಇನ್ನೊಂದು ಕಂತು ಕಟ್ಟಿಸ್ದೆ. ಎಫ್‌ಡಿ ಮುರಿದು ಕಟ್ಟಿದ್ರು. ಅದರ ಮುಂದಿನ ವರ್ಷ ಆಗಲ್ಲ ಅಂದ್ರು.

ಆವಾಗ ಮಾತ್ರ ಸತ್ಯ ಹೇಳ್ದೆ. ನಾಲ್ಕು ಲಕ್ಷದಲ್ಲಿ ಕೈಗೆ ಬರೋದು 30%. ಜೊತೆಗೆ, ‘ಸಾರ್, ಮೊದಲು ಕಂಪನಿಗೆ ಕಂಪ್ಲೇಂಟ್ ಕೊಡಿ, ಒಂದು ತಿಂಗಳಲ್ಲಿ ಸರಿ ಮಾಡ್ಲಿಲ್ಲ ಅಂದ್ರೆ ಬೆಂಗಳೂರಲ್ಲಿ ಇನ್ಶೂರೆನ್ಸ್ ಒಂಬಡ್ಸ್‌ಮನ್ ಅಂತ ದೂರು ಕೇಳಿ ತೀರ್ಮಾನ ಕೊಡೋರು ಇದಾರೆ, ಫೀಸಿಲ್ಲ, ವಕೀಲರೂ ಬೇಡ, ಆ ಫಾರಂ ನಾನೇ ತುಂಬಿದ್ದು ಅಂತ ಬರ್ಕೊಡ್ತೀನಿ’ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. ‘ಬ್ಯಾಡ ಬಿಡಪ್ಪ, ನಿನ್ನ ಕೆಲಸಕ್ಕೆ ಕುತ್ತು ಬರುತ್ತೆ’ ಅಂದ್ರು. ನನಗೆ ಆಗ ಆಗಿದ್ದು ನಾಚಿಕೆ ಅಲ್ಲ, ನಿರಾಳ. ಎರಡನೇ ಸಲ ಒತ್ತಾಯ ಮಾಡ್ಲೇ ಇಲ್ಲ ನಾನು.

1,20,000 ಅವರ ಅಕೌಂಟಿಗೆ ಬಂದ ದಿನ ಅದೇ ಬಟ್ಟೆ ಚೀಲ ಹಿಡ್ಕೊಂಡು ಬಂದು ಎದುರಿಗೆ ಕೂತ್ರು. ‘ಇದನ್ನಾದ್ರೂ ಎಫ್‌ಡಿ ಮಾಡ್ಕೊಡು ತಮ್ಮಾ.’ ಮಾಡ್ಕೊಟ್ಟೆ. ಐದು ನಿಮಿಷ ಹಿಡೀತು.