ಚಿಕ್ಕ ಮಕ್ಕಳಿಗೆ ಕಲಿಸೋದು ತಾನೆ?

ಪ್ರೈಮರಿ ಟೀಚರ್ ಅಂದ ಕೂಡಲೇ ಜನ ಕೇಳುವುದು ಎರಡೇ. ‘ರಜೆ ಜಾಸ್ತಿ ಅಲ್ವಾ?’ ಇಲ್ಲಾಂದ್ರೆ ‘ಹೈಸ್ಕೂಲಿಗೆ ಯಾವಾಗ ಹೋಗ್ತೀರಿ?’ ನನಗೆ ಚುಚ್ಚುವುದು ಎರಡನೆಯದು. ಚಿಕ್ಕ ಮಕ್ಕಳಿಗೆ ಕಲಿಸುವುದು ಚಿಕ್ಕ ಕೆಲಸ ಅನ್ನುವ ಲೆಕ್ಕ ಅದರಲ್ಲಿದೆ.

ಒಂದು ಮಗು 42ರಲ್ಲಿ 17 ಕಳೆದು 35 ಅಂತ ಬರೆದಿದೆ ಅಂದುಕೊಳ್ಳಿ. ‘ತಪ್ಪು, 25’ ಅಂತ ಯಾರು ಬೇಕಾದರೂ ಹೇಳುತ್ತಾರೆ. ಟೀಚರಿಗೆ ಕಾಣುವುದು ಆ ತಪ್ಪಿನ ದಾರಿ. ಮಗು 7ರಲ್ಲಿ 2 ಕಳೆದಿದೆ, 4ರಲ್ಲಿ 1 ಕಳೆದಿದೆ. ದೊಡ್ಡದರಿಂದ ಚಿಕ್ಕದನ್ನೇ ಕಳೆಯಬೇಕು ಅಂತ ತಾನೇ ಒಂದು ನಿಯಮ ಮಾಡಿಕೊಂಡಿದೆ. ಬೈದು ಇನ್ನಷ್ಟು ಲೆಕ್ಕ ಕೊಟ್ಟರೆ ಅವೂ ಹಾಗೇ ತಪ್ಪುತ್ತವೆ. ಹತ್ತರ ಕಟ್ಟು ಬಿಚ್ಚಿ, ಕಡ್ಡಿಗಳನ್ನು ಅದರ ಕೈಗೇ ಕೊಟ್ಟು ಎಣಿಸಲು ಬಿಡಬೇಕು. ಲೆಕ್ಕ ಗೊತ್ತಿದ್ದವರಿಗೆಲ್ಲ ಇದು ಗೊತ್ತಿರುವುದಿಲ್ಲ. ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1980ರ ದಶಕದಲ್ಲೇ ಹೇಳಿದ್ದರು: ವಿಷಯ ತಿಳಿದಿರುವುದು ಬೇರೆ, ಅದನ್ನು ಕಲಿಯುವವರಿಗೆ ದಾಟಿಸುವ ತಿಳಿವಳಿಕೆ ಬೇರೆ, ಅದು ಶಿಕ್ಷಕರ ಸ್ವಂತ ವಿದ್ಯೆ ಅಂತ.

ಕಷ್ಟ ಏನೆಂದರೆ, ಈ ವಿದ್ಯೆ ಗುರುತು ಉಳಿಸುವುದಿಲ್ಲ. ಓದಲು ಬಂದಮೇಲೆ, ಒಂದು ಕಾಲಕ್ಕೆ ಓದು ಬರುತ್ತಿರಲಿಲ್ಲ ಅನ್ನುವುದು ಮಗುವಿಗೇ ಮರೆತುಹೋಗುತ್ತದೆ.

ಯುನೆಸ್ಕೋ 2024ರ ವರದಿ ಪ್ರಕಾರ, ಜಗತ್ತಿನಲ್ಲಿ ಕೆಲಸ ಬಿಡುವ ಪ್ರಾಥಮಿಕ ಶಿಕ್ಷಕರ ಪ್ರಮಾಣ 2015ರಲ್ಲಿ ಶೇ. 4.6 ಇತ್ತು, 2022ಕ್ಕೆ ಶೇ. 9 ಆಯಿತು. ಸಂಬಳವೂ ಕಾರಣ. (ಟೀಚರಿಗೆ ಸಂಬಳ ಮುಖ್ಯ ಅಲ್ಲ ಅನ್ನುವವರು ತಮ್ಮ ಸಂಬಳ ಬಿಟ್ಟುಕೊಟ್ಟದ್ದನ್ನು ನಾನಂತೂ ನೋಡಿಲ್ಲ.) ಆದರೆ ನನ್ನ ಜೊತೆಗಿದ್ದು ಬಿಟ್ಟು ಹೋದವರು ಹೆಚ್ಚಾಗಿ ಹೇಳಿಕೊಂಡದ್ದು ಬೇರೆ: ‘ನನ್ನನ್ನು ಯಾರೂ ಏನೂ ಕೇಳೋದೇ ಇಲ್ಲ.’ ಯಾವ ವಾರ ಯಾವ ಪುಟ ಅಂತ ಮೇಲಿನಿಂದಲೇ ಬರುತ್ತದೆ. ಕಡ್ಡಿ ಎಣಿಸುತ್ತಾ ಕೂತರೆ ‘ಪೋರ್ಷನ್ ಹಿಂದೆ ಬಿದ್ದಿದೆ’ ಅಂತ ನೋಟಿಸ್. ತಮ್ಮ ತರಗತಿಯ ಮಕ್ಕಳಿಗೆ ಯಾವ ವಿಧಾನ ಸರಿ ಅಂತ ನಿರ್ಧರಿಸಲು ಶಿಕ್ಷಕರೇ ಹೆಚ್ಚು ಅರ್ಹರು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಐಎಲ್‌ಒ ಮತ್ತು ಯುನೆಸ್ಕೋದ 1966ರ ಶಿಫಾರಸಿನಲ್ಲೇ ಬರೆದಿದೆ. ಬರೆದದ್ದು ಬರೆದ ಹಾಗೇ ಇದೆ.

ಶಿಕ್ಷಕರ ದಿನದ ಭಾಷಣಗಳಲ್ಲಿ ನಮ್ಮನ್ನು ದೇವರು ಮಾಡುತ್ತಾರೆ. ದೇವರ ಅಭಿಪ್ರಾಯವನ್ನೂ ಯಾರೂ ಕೇಳುವುದಿಲ್ಲ ಬಿಡಿ. ನಾನು ಇನ್ನೂ ಇಲ್ಲಿರುವುದಕ್ಕೆ ಕಾರಣ ಆ ಹೊಗಳಿಕೆ ಅಲ್ಲ. ಹಿಂದೆ ಒಬ್ಬ ಹೆಡ್‌ಮಿಸ್ ಇದ್ದರು. ನೋಟ್‌ಬುಕ್ ತೆರೆದಿಟ್ಟು ‘ಈ ಮಗು ಯಾಕೆ ಹೀಗೆ ಬರೀತಿದೆ, ನಿಮಗೇನನ್ಸುತ್ತೆ?’ ಅಂತ ಕೇಳುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ, ಅದನ್ನೇ ಮಾಡಲು ಬಿಡುತ್ತಿದ್ದರು.

ವಾರಕ್ಕೊಂದು ಪೀರಿಯಡ್ ನಾವು ಟೀಚರುಗಳೆಲ್ಲ ಹೀಗೆ ಮಕ್ಕಳ ಪುಸ್ತಕ ಹರಡಿಕೊಂಡು ಕೂರಲು ಬಿಡಿ ಅಂತ ಅರ್ಜಿ ಕೊಟ್ಟಿದ್ದೆವು. ಪೀರಿಯಡ್ ಸಿಕ್ಕಿತು. ಅದರಲ್ಲಿ ತುಂಬಿಸಲು ಒಂದು ಹೊಸ ಫಾರಂ ಕೂಡ ಸಿಕ್ಕಿತು.