ಫೋನೊ ಪ್ರೀಆಂಪ್ ಸುಮ್ನೆ ಖರ್ಚಲ್ಲ: ಒಂದು ಸ್ಪಷ್ಟನೆ

ಕಲಬುರಗಿಯಲ್ಲಿ ಎಲ್‌ಪಿ ರೆಕಾರ್ಡ್ ಕೇಳುವವರ ನಡುವೆ ಒಂದು ವಾಟ್ಸ್ಆಪ್ ಸಂದೇಶ ಓಡಾಡುತ್ತಿದೆ. ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಕೊಡುವ ಸಣ್ಣ ಸಿಗ್ನಲನ್ನು ಆಂಪ್ಲಿಫೈಯರ್‌ಗೆ ತಕ್ಕಂತೆ ಮಾಡುವ ಡಬ್ಬಿ, ಅಂದರೆ ಫೋನೊ ಪ್ರೀಆಂಪ್ ಬೇಕಿಲ್ಲ, ಟರ್ನ್‌ಟೇಬಲ್ ವೈರನ್ನು ಆಂಪ್ಲಿಫೈಯರ್‌ನ ಆಕ್ಸ್ ಎಂಬ ಸಾಮಾನ್ಯ ಆಡಿಯೋ ಸಾಕೆಟ್‌ಗೆ ಹಾಕಿ ವಾಲ್ಯೂಮ್ ಜಾಸ್ತಿ ಮಾಡಿದರೆ ಸಾಕಂತೆ. ಇದು ತಪ್ಪು.

ಮೂವಿಂಗ್ ಮ್ಯಾಗ್ನೆಟ್ ಬಗೆಯ ಕಾರ್ಟ್ರಿಡ್ಜ್ (ಮುಳ್ಳಿನ ಅಲುಗಾಟವನ್ನು ಸಿಗ್ನಲ್ ಮಾಡುವ ಭಾಗ) ಕೊಡುವುದು ಸುಮಾರು 3ರಿಂದ 5 ಮಿಲಿವೋಲ್ಟ್. ಆಕ್ಸ್‌ಗೆ ನೂರಾರು ಮಿಲಿವೋಲ್ಟ್ ಬೇಕು. ವಾಲ್ಯೂಮ್ ಏರಿಸಿದರೆ ಹಾಡಿನ ಜೊತೆ ಗುಂಯ್ ಸದ್ದೂ ಏರುತ್ತದೆ. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಎಲ್‌ಪಿ ಕೊರೆಯುವಾಗಲೇ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿರುತ್ತಾರೆ. 1954ರಿಂದ ಇದಕ್ಕೆ ಆರ್‌ಐಎಎ (ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ) ನಿಗದಿ ಮಾಡಿದ ಅಳತೆ ಇದೆ. ಅದನ್ನು ಮತ್ತೆ ಸಮ ಮಾಡುವುದು ಪ್ರೀಆಂಪ್. ಅದಿಲ್ಲದೆ ತಬಲಾದ ಡಗ್ಗಾ ಸತ್ತೇ ಹೋಗುತ್ತದೆ. ಅಷ್ಟು ಒಳ್ಳೆಯ ರೆಕಾರ್ಡನ್ನು ಹೀಗೆ ಕೇಳಬೇಡಿ.

ಸಂದೇಶ ಪೂರ್ತಿ ಗಾಳಿಮಾತೇನೂ ಅಲ್ಲ. ಹಳೇ ಪ್ಲೇಯರ್‌ಗಳ ಸೆರಾಮಿಕ್ ಕಾರ್ಟ್ರಿಡ್ಜ್ ಜೋರು ಸಿಗ್ನಲ್ ಕೊಡುತ್ತಿತ್ತು, ಹಾಗಾಗಿ ನೇರ ಜೋಡಣೆ ನಡೆಯುತ್ತಿತ್ತು.

ದುಡ್ಡು ಹಾಕುವ ಮುಂಚೆ ಆಂಪ್ಲಿಫೈಯರ್ ಹಿಂದೆ ಫೋನೊ ಸಾಕೆಟ್ ಇದೆಯಾ, ಟರ್ನ್‌ಟೇಬಲ್ ಹಿಂದೆ ಫೋನೊ-ಲೈನ್ ಸ್ವಿಚ್ ಇದೆಯಾ ನೋಡಿ. ಒಂದಿದ್ದರೂ ಪ್ರೀಆಂಪ್ ಒಳಗೇ ಇದೆ ಎಂದರ್ಥ, ಬೇರೆ ಡಬ್ಬಿ ಬೇಡ. ಎರಡೂ ಇದ್ದರೆ ಒಂದನ್ನಷ್ಟೇ ಬಳಸಿ, ಇಲ್ಲವಾದರೆ ದನಿ ಒಡೆಯುತ್ತದೆ. ಮೂವಿಂಗ್ ಕಾಯಿಲ್ ಕಾರ್ಟ್ರಿಡ್ಜ್‌ನ ಸಿಗ್ನಲ್ ಸಾಮಾನ್ಯವಾಗಿ ಇನ್ನೂ ಸಣ್ಣದು, ಅದಕ್ಕೆ ಎಂಸಿ ಎಂದು ಬರೆದಿರುವ ಪ್ರೀಆಂಪನ್ನೇ ಕೇಳಿ ತೆಗೆದುಕೊಳ್ಳಿ.