ಹಾಸನ-ಚಿಕ್ಕಮಗಳೂರಿಗೆ ಸಬ್ಸಿಡಿ ವಿಮಾನ ಬೇಕಾ? ಪರ-ವಿರೋಧ

ಪರ: ಬೂವನಹಳ್ಳಿಯಿಂದ ಹಾರ್ಲಿ ಬಿಡಿ

ಪರವಾಗಿ ಬರೀರಿ ಅಂತ ಕೇಳಿದ್ರು, ಒಪ್ಕೊಂಡೆ. ಮೊದ್ಲೇ ಹೇಳ್ಬಿಡ್ತೀನಿ, ಹಾಸನಕ್ಕೊಂದು ಚಿಕ್ಕಮಗಳೂರಿಗೊಂದು ಅಂತ ಪಕ್ಕಪಕ್ಕದಲ್ಲೇ ಎರಡು ಏರ್‌ಪೋರ್ಟ್ ಬೇಕು ಅನ್ನೋನಲ್ಲ ನಾನು. ಒಂದು ಸಾಕು, ಅದು ಹಾಸನದ ಹತ್ರ ಇರೋ ಬೂವನಹಳ್ಳೀಲಿ ಆಗ್ಲಿ.

ಹಾಸನದೋರಿಗೆ ವಿಮಾನ ಯಾಕೆ ಅಂತ ಕೇಳ್ತಾರಲ್ಲ, ಅವ್ರಿಗೆ ಒಂದು ಮಾತು ನೆನಪು ಮಾಡ್ಬೇಕು. ಪ್ಯಾಂಟು ಶರ್ಟಿನ ಸಾಮಾನ್ಯ ಮನುಷ್ಯನೂ ವಿಮಾನ ಹತ್ತಬಹುದು ಅಂತ ಈ ದೇಶಕ್ಕೆ ತೋರಿಸಿದ್ದೇ ನಮ್ಮ ಜಿಲ್ಲೆಯೋರು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್, ಜಾವಗಲ್ ಕಡೆ ತೋಟ ಮಾಡ್ಕೊಂಡಿದ್ದೋರು, 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ಹುಬ್ಬಳ್ಳಿಯಂಥ ಊರಿಗೆಲ್ಲ ಸಣ್ಣ ವಿಮಾನ ಹಾರಿಸಿದ್ರು. ಅಂಥೋರ ಜಿಲ್ಲೇಲೇ ಏರ್‌ಪೋರ್ಟ್ ಇಲ್ಲ ಅಂದ್ರೆ ಹೆಂಗೆ? ಬೂವನಹಳ್ಳಿ ಮಾತು ದೇವೇಗೌಡ್ರ ಕಾಲದಿಂದ ಇದೆ, 2021ರಲ್ಲಿ ಸುಮಾರು 193 ಕೋಟಿಯ ಯೋಜನೆ ಅಂತ ಮತ್ತೆ ಕೆಲಸ ಹಿಡಿದ್ರು. ಇಷ್ಟು ವರ್ಷ ಕಾದಮೇಲೆ ಈಗ ಬೇಡ ಅನ್ನೋದು ಸರಿ ಕಾಣಲ್ಲ.

ಸಬ್ಸಿಡಿ ಅಂದ್ರೆ ಏನೋ ದಾನ ಅಂದ್ಕೋತಾರೆ. ಸಣ್ಣ ಊರಿಗೂ ವಿಮಾನ ಹಾರಿಸೋಕೆ ಕೇಂದ್ರ ಸರ್ಕಾರ ತಂದ ಉಡಾನ್ ಸ್ಕೀಮಲ್ಲಿ ಸುಮಾರು ಅರ್ಧ ಸೀಟಿಗೆ ದರ ಕಟ್ಟಿಹಾಕ್ತಾರೆ, ಶುರು ಮಾಡ್ದಾಗ ಒಂದು ಗಂಟೆ ಹಾರಾಟಕ್ಕೆ 2,500 ರೂಪಾಯಿ ಅಂತಿತ್ತು. ಅದ್ರಿಂದ ಕಂಪನಿಗೆ ಆಗೋ ನಷ್ಟಾನ ಮೂರು ವರ್ಷ ತುಂಬಿಕೊಡ್ತಾರೆ, ಅದರ ಬಹುಪಾಲು ದುಡ್ಡು ಬರೋದು ದೆಹಲಿ-ಮುಂಬೈ ಥರದ ದೊಡ್ಡ ರೂಟಿನ ವಿಮಾನಗಳ ಮೇಲೆ ಹಾಕಿರೋ ಲೆವಿ ಅನ್ನೋ ಶುಲ್ಕದಿಂದ. ಅಂದ್ರೆ ದೊಡ್ಡ ಊರಿನ ಪ್ರಯಾಣಿಕ ಸಣ್ಣ ಊರಿನೋನಿಗೆ ಸ್ವಲ್ಪ ಹೆಗಲು ಕೊಡ್ತಾನೆ, ತಪ್ಪೇನು? ಅಮೆರಿಕದಂಥ ದೇಶಾನೇ 1978ರಿಂದ ಸಣ್ಣ ಊರುಗಳ ವಿಮಾನಕ್ಕೆ ಸರ್ಕಾರದ ದುಡ್ಡು ಹಾಕ್ತಿದೆ.

ಪಕ್ಕದ ಶಿವಮೊಗ್ಗ ನೋಡಿ. 2023ರ ಫೆಬ್ರವರಿಲಿ ಉದ್ಘಾಟನೆ, ಆಗಸ್ಟ್ 31ಕ್ಕೆ ಬೆಂಗಳೂರಿಂದ ಮೊದಲ ವಿಮಾನ, ಅದೇ ವರ್ಷ ಹೈದರಾಬಾದ್, ತಿರುಪತಿ, ಗೋವಾಕ್ಕೂ ಹೋದ್ವು. ನಮಗೆ ಬೇಲೂರು-ಹಳೇಬೀಡು ಇದೆ, ಅದೇ ವರ್ಷ ಯುನೆಸ್ಕೊ ಪಟ್ಟಿಗೆ ಸೇರಿದ್ವು. ಶ್ರವಣಬೆಳಗೊಳ ಇದೆ, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇರೋದು ಹಾಸನದಲ್ಲೇ.

ನನ್ನ ಮಗಳು ಹೈದರಾಬಾದಲ್ಲಿದ್ದಾಳೆ. ಹಬ್ಬಕ್ಕೆ ಬರುವಾಗ ಅಲ್ಲಿಂದ ದೇವನಹಳ್ಳಿಗೆ ಬರೋದು ಒಂದೂಕಾಲು ಗಂಟೆ, ದೇವನಹಳ್ಳಿಯಿಂದ ನೆಲಮಂಗಲ ದಾಟಿ ಹಾಸನಕ್ಕೆ ಬರೋಷ್ಟರಲ್ಲಿ ಐದು ಗಂಟೆ, ಮಗು ಕಾರಲ್ಲಿ ಎರಡು ಸಲ ವಾಂತಿ ಮಾಡ್ಕೊಂಡಿರುತ್ತೆ. ಬೆಂಗಳೂರು ಮೂರೇ ಗಂಟೆ ದಾರಿ ಅಂತ ವಾದ ಮಾಡೋರಿದ್ದಾರೆ, ಅದು ಬೆಂಗಳೂರಿಗೆ ಹೋಗೋರ ಮಾತಾಯ್ತು, ನಾನು ಹೇಳ್ತಿರೋದು ಹೈದರಾಬಾದ್, ಮುಂಬೈ, ಚೆನ್ನೈ ಬಗ್ಗೆ. ರೂಟು ಸರಿಯಾಗಿ ಆರಿಸಿದ್ರೆ ನಡೀತದೆ. ಸೀಟು ತುಂಬುತ್ತಾ ಅಂತ ಕೇಳಿದ್ರೆ, ತುಂಬೋ ರೂಟ್ ಕೊಡಿ ಅಂತೀನಿ.

ವಿರೋಧ: ನಮಗೆ ಬೇಕಿರೋದು ಘಾಟಿ ದಾಟೋ ದಾರಿ

ನಾನಿರೋದು ಮೂಡಿಗೆರೆ ಕಡೆ, ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗೆ. ನನಗೆ ಈ ವಿಷಯದಲ್ಲಿ ಎರಡು ಮನಸ್ಸಿಲ್ಲ. ಹಾಸನಕ್ಕಾಗ್ಲಿ ಚಿಕ್ಕಮಗಳೂರಿಗಾಗ್ಲಿ ಸಬ್ಸಿಡಿ ವಿಮಾನ ಬೇಡ, ಈಗ ಬೇಡ, ಇರೋ ರಸ್ತೆ ರೈಲು ಸರಿಯಾಗೋ ತನಕ ಬೇಡವೇ ಬೇಡ.

ಲೆಕ್ಕ ಮೊದ್ಲು. 2023ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿಯ ವರದಿ ಬಂತು, ಉಡಾನ್ ಬಗ್ಗೆನೇ. ಮೂರನೇ ಸುತ್ತಿನ ತನಕ ಕೊಟ್ಟ 774 ರೂಟುಗಳಲ್ಲಿ 403 ಶುರುನೇ ಆಗ್ಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರ್ತಿ ಓಡಿದ್ದು 112. ಸಬ್ಸಿಡಿ ನಿಂತ ಮೇಲೂ ಹಾರ್ತಾ ಇದ್ದದ್ದು 54. 774ರಲ್ಲಿ 54 ಕಣ್ರಿ. ನೂರು ಗಿಡ ನೆಟ್ಟು ಏಳು ಬದುಕಿದ್ರೆ ನಮ್ಮ ಕಡೆ ಯಾವ ತೋಟದೋನೂ ಮತ್ತೆ ಅದೇ ನರ್ಸರಿಗೆ ಹೋಗಲ್ಲ, ಬೇರೆ ತಳಿ ನೋಡ್ತಾನೆ. ಬೀದರ್ ತಗೊಳ್ಳಿ, 2020ರಲ್ಲಿ ವಿಮಾನ ಬಂತು, ನಿಂತೋಯ್ತು, 2022ರಲ್ಲಿ ಮತ್ತೆ ಬಂತು, ಮತ್ತೆ ನಿಂತೋಯ್ತು, 2025ರಲ್ಲಿ ಇನ್ನೊಂದ್ ಸಲ. ಬೀದರ್‌ನಿಂದ ಬೆಂಗಳೂರು ಎಷ್ಟು ದೂರ, ಹಾಸನದಿಂದ ಎಷ್ಟು ದೂರ? ಆರುನೂರೆಪ್ಪತ್ತು ಎಂಬತ್ತು ಕಿಲೋಮೀಟರ್ ದೂರದ ಬೀದರ್‌ನಲ್ಲೇ ಹಿಂಗಾದ್ರೆ ನೂರಾ ಎಂಬತ್ತು ಚಿಲ್ಲರೆ ಕಿಲೋಮೀಟರಿನ ಹಾಸನದಿಂದ ಯಾರು ಹತ್ತುತಾರೆ. ಏರ್‌ಪೋರ್ಟಿಗೆ ಮುಂಚೆ ಹೋಗಿ, ಚೆಕಿಂಗ್ ಮಾಡ್ಸಿ, ಇಳಿದು ದೇವನಹಳ್ಳಿಯಿಂದ ಸಿಟಿಗೆ ಬರೋಷ್ಟರಲ್ಲಿ ಬಸ್ಸಲ್ಲಿ ಹೊರಟೋನು ಮೆಜೆಸ್ಟಿಕ್ಕಲ್ಲಿ ಊಟ ಮುಗಿಸಿರ್ತಾನೆ.

ಪರವಾಗಿ ಮಾತಾಡೋರು ಹೈದರಾಬಾದ್ ಮುಂಬೈ ಅಂತಾರೆ. ಅಂದ್ರೆ ಐಟಿ ಮಕ್ಕಳು ಹಬ್ಬಕ್ಕೆ ಬರೋಕೆ ಸರ್ಕಾರ ದುಡ್ಡು ಹಾಕ್ಬೇಕು ಅಂತಾಯ್ತು. ನಮ್ಮೂರಲ್ಲಿ ಲೈನ್‌ಮನೇಲಿರೋ ಕೆಲಸದೋರ ಮಕ್ಕಳು ಕಾಲೇಜಿಗೆ ಹೋಗೋಕೆ ಬೆಳಿಗ್ಗೆ ಒಂದೇ ಒಂದು ಬಸ್ಸು, ಅದು ತಪ್ಪಿದ್ರೆ ಆ ದಿನ ರಜೆ. ಆ ಮಕ್ಕಳ ಬಸ್ಸಿಗೆ ಲೆವಿ ಹಾಕಿ ಅಂತ ಯಾರೂ ಕೇಳಲ್ಲ. ಇನ್ನು ಲೆವಿ ದುಡ್ಡು ತಾನೇ ಅಂತ ಸುಮ್ಮನಿರೋ ಹಾಗೂ ಇಲ್ಲ, ವಿಮಾನ ಕಂಪನಿಗೆ ತುಂಬಿಕೊಡೋ ನಷ್ಟದಲ್ಲಿ 20 ಪರ್ಸೆಂಟ್ ರಾಜ್ಯ ಸರ್ಕಾರವೇ ಕೊಡ್ಬೇಕು, ಪೊಲೀಸ್ ಫೈರ್ ಕೂಡ ರಾಜ್ಯದ್ದೇ. ಕಾಫಿ ಎಕ್ಸ್‌ಪೋರ್ಟ್‌ಗೆ ಅನುಕೂಲ ಅಂತಾನೂ ಹೇಳೋದು ಕೇಳಿದೀನಿ. ದೇಶದ ಕಾಫಿಲಿ ನೂರಕ್ಕೆ ಎಪ್ಪತ್ತರಷ್ಟು ಕರ್ನಾಟಕದ್ದು, ಅದು ಲಾರೀಲಿ ಘಾಟಿ ಇಳಿದು ಮಂಗಳೂರಿಂದ ಹಡಗು ಹತ್ತುತ್ತೆ, ವಿಮಾನ ಅಲ್ಲ. ಘಾಟಿ ಕುಸಿದ್ರೆ ಕಾಫಿನೂ ನಿಲ್ಲುತ್ತೆ.

ರೈಲು ನೋಡಿ. ಹಾಸನ-ಬೆಂಗಳೂರು ನೇರ ಮಾರ್ಗ 1996-97ರಲ್ಲಿ ಮಂಜೂರಾಗಿ ರೈಲು ಓಡಿದ್ದು 2017ರಲ್ಲಿ, ಇಪ್ಪತ್ತು ವರ್ಷ. ಚಿಕ್ಕಮಗಳೂರು ಜಿಲ್ಲಾ ಕೇಂದ್ರಕ್ಕೆ ರೈಲು ಅಂತ ಬಂದಿದ್ದೇ 2013ರಲ್ಲಿ, ಕಡೂರಿಂದ. ಬೇಲೂರು ಮೇಲೆ ಹಾಸನಕ್ಕೆ ಸೇರಿಸೋ ಮಾರ್ಗ ಇನ್ನೂ ಮುಗಿದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ 57 ಸುರಂಗ ಕೊರೆದು ರೈಲು ಇಳಿಸಿದ ದೇಶ ಇದು, ಆಗಲ್ಲ ಅನ್ನೋ ಮಾತೇ ಇಲ್ಲ, ಮನಸ್ಸು ಮಾಡ್ಬೇಕು ಅಷ್ಟೇ.

ಇದನ್ನೆಲ್ಲ ನಾನು ಇಷ್ಟು ಗಟ್ಟಿಯಾಗಿ ಹೇಳೋಕೆ ಒಂದು ರಾತ್ರಿ ಕಾರಣ. ಜುಲೈ ತಿಂಗಳು, ಮೂರು ದಿನದಿಂದ ಬಿಟ್ಟೂ ಬಿಡದೆ ಮಳೆ, ಕರೆಂಟ್ ಹೋಗಿ ಎರಡು ದಿನ, ಟವರ್ ಡೀಸೆಲ್ ಖಾಲಿಯಾಗಿ ಫೋನ್ ಸಿಗ್ನಲ್ಲೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಅಪ್ಪ ಎದ್ದು ಕೂತ್ರು, ಎದೆ ಮೇಲೆ ಕಲ್ಲು ಇಟ್ಟಂಗಾಗ್ತಿದೆ ಅಂದ್ರು, ಮೈಯೆಲ್ಲ ಬೆವರು. ಪಕ್ಕದ ಎಸ್ಟೇಟಿನ ಜೀಪ್ ತಂದು ಮಲಗಿಸ್ಕೊಂಡು ಹೊರಟ್ವಿ. ಮೊದಲು ಸಿಕ್ಕ ಆಸ್ಪತ್ರೇಲಿ ಒಂದು ಮಾತ್ರೆ ನಾಲಿಗೆ ಕೆಳಗಿಟ್ಟು, ಇಲ್ಲಿ ಏನೂ ಆಗಲ್ಲ ಮಂಗಳೂರಿಗೆ ಹೋಗಿ ಅಂದ್ರು. ಮಂಗಳೂರು ಅಂದ್ರೆ ಚಾರ್ಮಾಡಿ ಘಾಟಿ ಇಳೀಬೇಕು. ಕೊಟ್ಟಿಗೆಹಾರ ದಾಟಿ ಸ್ವಲ್ಪ ದೂರ ಹೋಗಿದ್ವಿ, ಮಂಜು ಹೆಂಗಿತ್ತು ಅಂದ್ರೆ ಬಾನೆಟ್ ಕಾಣ್ತಿರಲಿಲ್ಲ, ತಮ್ಮ ಟಾರ್ಚ್ ಹಿಡ್ಕೊಂಡು ಜೀಪ್ ಮುಂದೆ ನಡೀತಿದ್ದ. ತಿರುವಿನಲ್ಲಿ ದೊಡ್ಡ ಮರ ಅಡ್ಡ ಬಿದ್ದಿತ್ತು, ಅದ್ರ ಹಿಂದೆ ಮಣ್ಣು ಜರಿದಿತ್ತು, ಆ ಕಡೆ ನಿಂತ ಲಾರಿ ಡ್ರೈವರ್ ಕೂಗಿ ಹೇಳ್ದ, ಬೆಳಗಾಗೋ ತನಕ ಆಗಲ್ಲಣ್ಣ ಅಂತ. ಅಪ್ಪನ ಕೈ ನನ್ನ ಕೈಲಿತ್ತು, ತಣ್ಣಗಿತ್ತು.

ವಾಪಸ್ ತಿರುಗಿಸ್ಕೊಂಡು ಹಾಸನದ ಕಡೆ ಹೊರಟ್ವಿ. ಗುಂಡಿ ಬಂದಾಗೆಲ್ಲ ಅಪ್ಪ ನರಳೋರು, ನಿಧಾನ ಹೋಗೋ ಅಂತ ತಮ್ಮನಿಗೆ ಹೇಳೋಕೂ ಆಗ್ತಿರಲಿಲ್ಲ, ಜೋರು ಹೋಗೋ ಅನ್ನೋಕೂ ಆಗ್ತಿರಲಿಲ್ಲ. ಆಸ್ಪತ್ರೆ ಮುಟ್ಟಿದಾಗ ನಾಲ್ಕೂವರೆ. ಡಾಕ್ಟರ್ ಸ್ಟೆಂಟ್ ಹಾಕಿ ಆಮೇಲೆ ನನ್ನ ಕರೆದು, ಇನ್ನು ಎರಡು ಗಂಟೆ ಮುಂಚೆ ತಂದಿದ್ರೆ ಹೃದಯದ ಈ ಭಾಗ ಉಳೀತಿತ್ತು ಅಂತ ಸ್ಕ್ರೀನ್ ಮೇಲೆ ಬೆರಳಿಟ್ಟು ತೋರಿಸಿದ್ರು.

ವಿಮಾನದ ಪರ ಇರೋರು ಏರ್ ಆಂಬುಲೆನ್ಸ್ ಬರುತ್ತೆ ಅಂತಾರೆ. ಬೂವನಹಳ್ಳಿಗೆ ನಮ್ಮಪ್ಪನ್ನ ತಲುಪಿಸೋದು ಯಾವ ದಾರೀಲಿ? ಅದೇ ಗುಂಡಿ ಬಿದ್ದ ದಾರೀಲಿ ತಾನೇ.

ಆ 193 ಕೋಟಿಲಿ ಎರಡು ಜಿಲ್ಲೆ ನಡುವೆ ಹೃದಯದ ಚಿಕಿತ್ಸೆ ಮಾಡೋ ಒಂದು ಒಳ್ಳೆ ಘಟಕ ಮಲೆನಾಡಿನ ತಾಲೂಕಲ್ಲೇ ಆಗ್ಬೋದಿತ್ತು, ಘಾಟಿಯ ಜರಿಯೋ ಕಡೆಗೆಲ್ಲ ತಡೆಗೋಡೆ ಆಗ್ಬೋದಿತ್ತು. ಶಿರಾಡಿ ಘಾಟಿ ಕಥೆನೂ ಇದೇ, ದೋಣಿಗಾಲ್ ಹತ್ರ ಮಳೆಗಾಲದಲ್ಲಿ ಮಣ್ಣು ಜರಿದ್ರೆ ಬೆಂಗಳೂರು-ಮಂಗಳೂರು ಹೆದ್ದಾರಿನೇ ನಿಂತೋಗುತ್ತೆ.

ಅಪ್ಪ ಈಗ್ಲೂ ಇದ್ದಾರೆ, ಮೇಲಿನ ತೋಟಕ್ಕೆ ಹತ್ತೋಕಾಗಲ್ಲ, ಮೆಣಸು ಕೊಯ್ಲು ಅಂಗಳದಲ್ಲಿ ಕೂತು ನೋಡ್ತಾರೆ. ಜೂನ್ ಮೊದಲ ಮಳೆ ಹಿಡಿದ ತಕ್ಷಣ ಅವ್ರನ್ನ ಹಾಸನದಲ್ಲಿರೋ ಅಕ್ಕನ ಮನೇಲಿ ಬಿಟ್ಟು ಬರ್ತೀವಿ, ಸೆಪ್ಟೆಂಬರ್ ಕೊನೇಲಿ ವಾಪಸ್ ಕರ್ಕೊಂಡು ಬರ್ತೀವಿ. ಪ್ರತಿ ಸಲ ಜೀಪ್ ಹತ್ತುವಾಗ, ಈ ವರ್ಷ ರೋಡ್ ಸರಿ ಮಾಡ್ತಾರಂತಾ ಅಂತ ಕೇಳ್ತಾರೆ.